ಗಣಪತಿ ಹಬ್ಬದ ಕೇರಂ: 22 ಜೋಡಿ, 4 ಟೇಬಲ್, ಒಂದು ಭಾನುವಾರ

ಚಿಕ್ಕಮಗಳೂರಿನಲ್ಲಿ ಗಣಪತಿ ಹಬ್ಬದ ಹೊತ್ತಿಗೆ ಮೈದಾನದ ಆಟ ನಂಬಿಕೊಂಡು ಕೂರುವ ಹಾಗಿಲ್ಲ. ಬೆಳಿಗ್ಗೆ ಬಿಸಿಲು ಬಂತು ಅಂತ ವಾಲಿಬಾಲ್ ನೆಟ್ ಕಟ್ಟಿದರೆ ಮಧ್ಯಾಹ್ನ ಹನಿ ಹಿಡಿದಿರುತ್ತದೆ. ಅದಕ್ಕೇ ನಮ್ಮ ಬೀದಿಯ ಗಣಪತಿ ಸಮಿತಿ ಕೇರಂ ಡಬಲ್ಸ್ ಇಡುತ್ತದೆ. ಟೈಸ್ ಹಾಕುವ ಕೆಲಸ, ಅಂದರೆ ಯಾರು ಯಾರ ಎದುರು ಆಡಬೇಕು ಅಂತ ಪಟ್ಟಿ ಮಾಡುವುದು, ನನ್ನದು. ಬೇರೆ ಬೀದಿಯ ಹುಡುಗರು ಪ್ರತಿ ವರ್ಷ ಬಂದು ಅದು ಹೇಗೆ ಅಂತ ಕೇಳುತ್ತಾರೆ, ಹಾಗಾಗಿ ಬರೆದೇ ಬಿಡುತ್ತೇನೆ.

ಈ ಸಲ 22 ಜೋಡಿ ಹೆಸರು ಕೊಟ್ಟಿದ್ದರು. ಎಲ್ಲರೂ ಎಲ್ಲರ ಜೊತೆ ಆಡುವ ಲೀಗ್ ಮಾಡಿದರೆ 231 ಪಂದ್ಯ ಆಗುತ್ತದೆ. ಗಣಪತಿ ಬಿಟ್ಟು ದೀಪಾವಳಿ ಬಂದರೂ ಮುಗಿಯಲ್ಲ. ನಾಕೌಟ್ ಆದರೆ 21 ಪಂದ್ಯ ಸಾಕು. ಇದಕ್ಕೆ ದೊಡ್ಡ ಗಣಿತ ಏನೂ ಬೇಡ. ಒಂದು ಪಂದ್ಯಕ್ಕೆ ಒಂದು ಜೋಡಿ ಮನೆಗೆ ಹೋಗುತ್ತದೆ, ಕೊನೆಗೆ ಒಂದು ಉಳಿಯಬೇಕು, ಅಂದರೆ 21 ಜೋಡಿ ಸೋಲಬೇಕು. ವಿಂಬಲ್ಡನ್ ಸಿಂಗಲ್ಸ್‌ನಲ್ಲಿ 128 ಜನ, 127 ಪಂದ್ಯ. ಲೆಕ್ಕ ಅಲ್ಲೂ ಇದೇ.

ತಲೆ ಕೆಡಿಸುವುದು ಬೈ, ಅಂದರೆ ಒಂದು ಸುತ್ತು ಆಡದೆಯೇ ಮುಂದಿನ ಸುತ್ತಿಗೆ ಹೋಗುವುದು. 16, 32 ಹೀಗೆ ಜೋಡಿಗಳು ಬಂದರೆ ಸಮಸ್ಯೆಯೇ ಇಲ್ಲ. ಆದರೆ ಯಾವ ಊರಲ್ಲೂ ಹಾಗೆ ಬರಲ್ಲ. 22 ಇದ್ದರೆ ಮುಂದಿನ 32ಕ್ಕೆ ಎಷ್ಟು ಕಡಿಮೆ? 10. ಅಷ್ಟು ಜೋಡಿಗೆ ಬೈ. ಉಳಿದ 12 ಜೋಡಿ 6 ಪಂದ್ಯ ಆಡುತ್ತಾರೆ, ಗೆದ್ದ 6 ಮತ್ತು ಬೈ ಸಿಕ್ಕ 10 ಸೇರಿ 16. ಆಮೇಲೆ ದಾರಿ ಸಲೀಸು. ಬೈ ಎಲ್ಲ ಮೊದಲ ಸುತ್ತಿನಲ್ಲೇ ಮುಗಿಯಬೇಕು, ಇದನ್ನು ಮಾತ್ರ ಬಿಡಬೇಡಿ. ಕೆಲವರು ಸುಮ್ನೆ ಇಬ್ಬಿಬ್ಬರನ್ನು ಜೋಡಿಸುತ್ತಾ ಹೋಗುತ್ತಾರೆ. 22 ಹೋಗಿ 11 ಆಗುತ್ತದೆ, ಒಂದು ಜೋಡಿ ಉಳಿದುಬಿಡುತ್ತದೆ, ಅವರಿಗೆ ಬೈ. ಆಮೇಲೆ 6, ಆಮೇಲೆ 3. ಸೆಮಿಫೈನಲ್ಲಿಗೆ ಮೂರೇ ಜೋಡಿ! ಒಬ್ಬರು ಆಡದೆ ಫೈನಲ್ಲಿಗೆ ಹೋಗುತ್ತಾರೆ. ಆಗ ಶುರುವಾಗುವ ಜಗಳ ಬಿಡಿಸಲು ಗಣಪತಿಯೇ ಎದ್ದು ಬರಬೇಕು.

ಬೈ ಯಾರಿಗೆ? ನಾಲ್ಕು ಬಲವಾದ ಜೋಡಿಗೆ ಮೊದಲು. ಇವರನ್ನು ಟೈಸ್ ಶೀಟಿನ ನಾಲ್ಕು ಭಾಗಕ್ಕೆ ಒಂದೊಂದಾಗಿ ಹಾಕುತ್ತೇನೆ. ಇಲ್ಲದಿದ್ದರೆ ಊರಿನ ಅತಿ ಒಳ್ಳೆಯ ಎರಡು ಜೋಡಿ ಬೆಳಿಗ್ಗೆಯೇ ಎದುರಾಗಿ, ಒಂದು ಹೊರಗೆ ಬಿದ್ದು, ಸಂಜೆಯ ಫೈನಲ್ ಸಪ್ಪೆಯಾಗುತ್ತದೆ. ವಿಂಬಲ್ಡನ್‌ನವರು 1927ರಿಂದ ಆಟದ ಬಲ ನೋಡಿ ಹೀಗೆ ದೂರ ದೂರ ಇಡುವುದಕ್ಕೆ ಇದೇ ಕಾರಣ. ಉಳಿದ ಬೈಗಳನ್ನು ನಾನು ದೂರದಿಂದ ಬರುವವರಿಗೆ ಕೊಡುತ್ತೇನೆ. ಮೂಡಿಗೆರೆ, ಆಲ್ದೂರು, ಕಡೂರಿನಿಂದ ಬಸ್ಸಿನಲ್ಲಿ ಬರುವವರು ಒಂಬತ್ತಕ್ಕೆ ಸರಿಯಾಗಿ ಬರುತ್ತಾರೆ ಅಂತ ನಂಬಿದರೆ ಇಡೀ ದಿನ ಹಿಂದೆ ಬೀಳುತ್ತದೆ. ಇದು ನ್ಯಾಯವಲ್ಲ ಅನ್ನುವವರಿದ್ದಾರೆ. ಬೈ ಅಂದರೆ ಒಂದು ಗೆಲುವು ಬಿಟ್ಟಿ ಸಿಕ್ಕ ಹಾಗೆ, ಒಪ್ಪುತ್ತೇನೆ. ಆದರೆ ಊರವರಿಗೆ ಮನೆಯಿಂದ ತಿಂಡಿ ತಿಂದು ನಡೆದು ಬರುವ ಅನುಕೂಲ ಇದೆಯಲ್ಲ, ಅದು ಬಿಟ್ಟಿ ಅಲ್ವಾ? ಒಂದೇ ಮನೆಯ, ಒಂದೇ ಆಟೋ ಸ್ಟ್ಯಾಂಡಿನ ಎರಡು ಜೋಡಿ ಇದ್ದರೆ ಅವರನ್ನೂ ಬೇರೆ ಬೇರೆ ಅರ್ಧಕ್ಕೆ ಹಾಕುತ್ತೇನೆ.

ಮಿಕ್ಕಿದ್ದೆಲ್ಲ ಚೀಟಿ. ಹಿಂದಿನ ಸಂಜೆ ಮಹಾಮಂಗಳಾರತಿ ಆದಮೇಲೆ ಪೆಂಡಾಲಿನಲ್ಲಿ ಎಲ್ಲರ ಎದುರೇ ಎತ್ತಿಸುತ್ತೇವೆ. ವಿಡಿಯೋ ಮಾಡಿ ಗ್ರೂಪಿಗೆ ಹಾಕುತ್ತೇವೆ. ಈ ಸಲ ಒಬ್ಬರು ಬಂದು, 'ಏನಣ್ಣ, ಮೊದಲ್ನೇ ಆಟಕ್ಕೇ ನಮಗೆ ಅವರನ್ನ ಹಾಕಿದೀಯಲ್ಲ' ಅಂದರು. 'ಚೀಟಿ ಎತ್ತಿದ್ದು ನಿಮ್ಮ ಮಗಳೇ ಅಲ್ವಾ, ಮನೆಗೆ ಹೋಗಿ ಅವಳನ್ನೇ ಕೇಳಿ' ಅಂದೆ. ನಕ್ಕು ಹೋದರು.

ಇನ್ನು ಸಮಯ. ಕೇರಂ ಫೆಡರೇಶನ್ ನಿಯಮದಲ್ಲಿ ಒಂದು ಗೇಮ್ ಅಂದರೆ 25 ಪಾಯಿಂಟ್ ಅಥವಾ 8 ಬೋರ್ಡ್, ಯಾವುದು ಮೊದಲೋ ಅದು. ಒಂದು ಕಡೆಯವರ ಕಾಯಿ ಎಲ್ಲ ಮುಗಿಯುವವರೆಗಿನ ಆಟ ಒಂದು ಬೋರ್ಡ್. ಮೂರರಲ್ಲಿ ಎರಡು ಗೇಮ್ ಗೆಲ್ಲಬೇಕು. ನಮ್ಮಂಥವರ ಕೈಯಲ್ಲಿ ಅದು ಒಂದು ಪಂದ್ಯಕ್ಕೇ ಎರಡು ಗಂಟೆ ತಿನ್ನುತ್ತದೆ. ಹಾಗಾಗಿ ಕ್ವಾರ್ಟರ್ ಫೈನಲ್‌ವರೆಗೆ ನಾಲ್ಕೇ ಬೋರ್ಡ್. ಸಮ ಆದರೆ ಇನ್ನೊಂದು. ಸೆಮಿಫೈನಲ್ ಒಂದು ಪೂರ್ತಿ ಗೇಮ್, ಫೈನಲ್ ಮಾತ್ರ ಮೂರರಲ್ಲಿ ಎರಡು. ಒಂದು ಪಂದ್ಯಕ್ಕೆ ನಲವತ್ತು ನಿಮಿಷ ಅಂತ ಹಿಡಿದು ಗೋಡೆಯ ಮೇಲೆ ಹೊತ್ತು ಬರೆದು ಅಂಟಿಸುತ್ತೇನೆ. ಕಾಲು ಗಂಟೆ ಕಾದು ಬರದಿದ್ದರೆ ವಾಕ್‌ಓವರ್, ಯಾರೇ ಆಗಲಿ.

ನಾಲ್ಕು ಟೇಬಲ್ ಇದ್ದರೆ ಮೊದಲ ಸರದಿಯಲ್ಲಿ ನಾಲ್ಕು ಪಂದ್ಯ. ಎರಡನೇ ಸರದಿಗೆ ಮೊದಲ ಸುತ್ತಿನದು ಎರಡೇ ಉಳಿದಿರುತ್ತವೆ. ಆಗ ಖಾಲಿ ಟೇಬಲ್‌ನಲ್ಲಿ, ಎರಡೂ ಕಡೆ ಬೈ ಸಿಕ್ಕವರೇ ಇರುವ ಪಂದ್ಯ ಆಡಿಸಬಹುದು. ಅವರು ಯಾರಿಗೂ ಕಾಯಬೇಕಾಗಿಲ್ಲ. ಬೈಗಳನ್ನು ಹರಡಿ ಹಾಕಿದ್ದರೆ ಅಂಥ ಪಂದ್ಯ ಸರಿಯಾಗಿ ಎರಡು ಸಿಗುತ್ತವೆ. ಇದೊಂದು ಕಣ್ಣಿಗೆ ಬಿದ್ದರೆ ಎರಡನೇ ಸುತ್ತಿನ ಕೊನೆಗೆ ಎರಡು ಟೇಬಲ್ ನಲವತ್ತು ನಿಮಿಷ ಮುಂಚೆಯೇ ಖಾಲಿಯಾಗುತ್ತವೆ.

ನಿಯಮದ ಜಗಳ ಬರುವುದು ರೆಡ್‌ಗೆ. ಮನೆಯಲ್ಲಿ ಎಲ್ಲರೂ ಐದು ಪಾಯಿಂಟ್ ಲೆಕ್ಕ ಹಾಕಿ ಬೆಳೆದವರು. ಫೆಡರೇಶನ್ ಲೆಕ್ಕದಲ್ಲಿ ಮೂರು. ಅದೂ ನಿಮ್ಮದು 21 ಪಾಯಿಂಟ್ ಆಗುವವರೆಗೆ ಮಾತ್ರ, 22 ಆದಮೇಲೆ ರೆಡ್ ಹಾಕಿದರೂ ಪಾಯಿಂಟ್ ಇಲ್ಲ. ನಾವು ಮೂರನ್ನೇ ಹಿಡಿದಿದ್ದೇವೆ. ಸ್ಟ್ರೈಕರ್ 15 ಗ್ರಾಂ ಮೀರುವಂತಿಲ್ಲ. ಮನೆಯಿಂದ ಕಲ್ಲಿನಂಥದ್ದನ್ನು ತರುವವರಿಗೆ ಸಮಿತಿಯ ಸ್ಟ್ರೈಕರನ್ನೇ ಕೊಡುತ್ತೇವೆ.

ಮಲೆನಾಡಿನಲ್ಲಿ ಇನ್ನೊಂದು ಕಾಟ ಇದೆ. ಥಂಡಿಗೆ ಬೋರ್ಡ್ ತೇವ ಹಿಡಿಯುತ್ತದೆ. ಬೋರಿಕ್ ಪೌಡರ್ ಹಾಕಿದರೆ ಗಂಟು ಕಟ್ಟುತ್ತದೆ. ಹೊಡೆದ ಕಾಯಿ ಗುಂಡಿಯ ಬಾಯಿಗೆ ಬಂದು ನಿಂತುಬಿಡುತ್ತದೆ. ಹಿಂದಿನವರು ಬೋರ್ಡಿನ ಮೇಲೆ ತಗಡಿನ ಟೋಪಿ ಹಾಕಿ ಬಲ್ಬ್ ತೂಗುಬಿಡುತ್ತಿದ್ದರಲ್ಲ, ಅದು ಬೆಳಕಿಗೆ ಮಾತ್ರ ಅಲ್ಲ. ಎಲ್‌ಇಡಿ ಬಂದಮೇಲೆ ಬೆಳಕು ಜಾಸ್ತಿ ಆಯಿತು, ಬಿಸಿ ಹೋಯಿತು. ನಾವು ಹುಡುಕಿ ಹಳೇ 100 ವಾಟಿನ ಬಲ್ಬ್ ತಂದು, ಆಟಕ್ಕೆ ಒಂದು ಗಂಟೆ ಮುಂಚೆಯೇ ತಗ್ಗಿಗೆ ತೂಗುಬಿಟ್ಟು ಹಚ್ಚುತ್ತೇವೆ. ಆಮೇಲೆ ಒಣ ಹತ್ತಿ ಬಟ್ಟೆಯಿಂದ ಒರೆಸಿ, ಪೌಡರನ್ನು ಚಿಟಿಕೆಯಷ್ಟೇ ಉದುರಿಸುತ್ತೇವೆ. ಕಾಯಿ ಮುಟ್ಟಿದರೆ ಬೆಚ್ಚಗಿರುತ್ತದೆ. ಆಗ ಹೊಡೆದು ನೋಡಿ, ಸೊಂಯ್ ಅಂತ ಹೋಗುತ್ತದೆ. ಪೌಡರ್ ಡಬ್ಬಿಯ ಮುಚ್ಚಳ ಬಿಗಿ ಇರಲಿ, ಮಕ್ಕಳ ಕೈಗೂ ಸಿಗದಿರಲಿ, ಅದು ಹೊಟ್ಟೆಗೆ ಹೋಗುವ ವಸ್ತುವಲ್ಲ. ಮಂಡಕ್ಕಿ ತಿಂದ ಎಣ್ಣೆ ಕೈಯವರನ್ನು ಟೇಬಲ್ ಹತ್ತಿರವೂ ಬಿಡಬೇಡಿ. ಒಂದು ಬೆರಳಚ್ಚು ಬಿದ್ದ ಜಾಗದಲ್ಲಿ ಇಡೀ ದಿನ ಕಾಯಿ ಮುಗ್ಗರಿಸುತ್ತದೆ.

ನಾಕೌಟಿನ ಕೆಟ್ಟ ಗುಣ ಅಂದರೆ ಸೋತವರು ಬೇಗ ಖಾಲಿಯಾಗುವುದು. ಮೂವತ್ತು ಕಿಲೋಮೀಟರ್ ಮಳೆಯಲ್ಲಿ ಬಂದು, ನಲವತ್ತು ನಿಮಿಷ ಆಡಿ, ಟೀ ಕುಡಿದು ವಾಪಸ್ ಹೋಗುವುದು ಯಾವ ಸುಖ? ಮುಂದಿನ ವರ್ಷ ಅವರು ಬರಲ್ಲ. ಅದಕ್ಕೆ ತಮ್ಮ ಮೊದಲ ಪಂದ್ಯ ಸೋತವರಿಗೆಲ್ಲ ಬೇರೆಯದೇ ಒಂದು ನಾಕೌಟ್ ಇಡುತ್ತೇವೆ. 'ಮೊದಲ ಸುತ್ತು ಸೋತವರು' ಅಂತ ಬರೆಯಬೇಡಿ, ಬೈ ಸಿಕ್ಕಿ ಎರಡನೇ ಸುತ್ತಿನಲ್ಲಿ ಸೋತವರು ಕೇಳಿಯೇ ಕೇಳುತ್ತಾರೆ. ನಮ್ಮ ಲೆಕ್ಕದಲ್ಲಿ ಇದಕ್ಕೆ ಎಂಟರಿಂದ ಹದಿನಾಲ್ಕು ಜೋಡಿ ಬರಬಹುದು, ಎಷ್ಟು ಅಂತ ಎರಡನೇ ಸುತ್ತು ಮುಗಿಯುವವರೆಗೆ ಗೊತ್ತಾಗಲ್ಲ. ಅದರ ಶೀಟನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಟೇಬಲ್ಲಿನ ಚಿಂತೆ ಇಲ್ಲ, ಕ್ವಾರ್ಟರ್ ಫೈನಲ್ ಆದಮೇಲೆ ಹೇಗೂ ಎರಡು ಟೇಬಲ್ ಸುಮ್ಮನೆ ಕೂತಿರುತ್ತವೆ. ಇಲ್ಲಿ ಎರಡೇ ಬೋರ್ಡಿನ ಆಟ. ಈ ಸಲ ಇದನ್ನು ಗೆದ್ದದ್ದು ಒಬ್ಬ ತಾಯಿ ಮತ್ತು ಪಿಯುಸಿ ಓದುವ ಮಗಳು. ಆ ಅಮ್ಮ ಕೊನೆಯ ಕಾಯಿಯನ್ನು ಬೋರ್ಡಿನ ಹಿಂದಿನ ಅಂಚಿಗೆ ಹೊಡೆದು ವಾಪಸ್ ತಂದು ಹಾಕಿದ್ದಕ್ಕೆ ಬಿದ್ದ ಚಪ್ಪಾಳೆ ಫೈನಲ್ಲಿಗೂ ಬೀಳಲಿಲ್ಲ.

ದುಡ್ಡಿನ ವಿಷಯ ಸಣ್ಣದು. ಜೋಡಿಗೆ 300 ರೂಪಾಯಿ, ಒಟ್ಟು 6,600. ಮೊದಲನೆಯವರಿಗೆ 2,500, ಎರಡನೆಯವರಿಗೆ 1,500, ಸೆಮಿಯಲ್ಲಿ ಸೋತ ಎರಡೂ ಜೋಡಿಗೆ ತಲಾ 500, ಸೋತವರ ಕಪ್ಪಿಗೆ 500. ಮೂರನೇ ಸ್ಥಾನದ ಪಂದ್ಯ ನಾವು ಇಡುವುದಿಲ್ಲ, ಸೆಮಿ ಸೋತ ಬೇಜಾರಿನಲ್ಲಿ ಯಾರಿಗೂ ಮತ್ತೆ ಕೂತು ಆಡುವ ಮನಸ್ಸಿರಲ್ಲ. ಉಳಿದ 1,100ರಲ್ಲಿ ಪೌಡರ್, ಬಲ್ಬ್, ಟೀ. ಟ್ರೋಫಿಗಳನ್ನು ಬೀದಿಯ ಅಂಗಡಿಯವರು ಕೊಡಿಸುತ್ತಾರೆ. ಲೆಕ್ಕವನ್ನು ಅವತ್ತೇ ರಾತ್ರಿ ಗ್ರೂಪಿಗೆ ಹಾಕಿಬಿಡಿ. ಎರವಲು ತಂದ ಬೋರ್ಡ್ ಕೊಡುವ ಮುಂಚೆ ಪ್ರತಿ ಡಬ್ಬಿಯಲ್ಲೂ ಒಂಬತ್ತು ಕಪ್ಪು, ಒಂಬತ್ತು ಬಿಳಿ, ಒಂದು ರೆಡ್ ಇದೆಯಾ ಎಣಿಸಿ. ರೆಡ್ ಒಂದು ಯಾವಾಗಲೂ ಯಾವುದೋ ಮಗುವಿನ ಜೇಬಿನಲ್ಲಿ ಸಿಗುತ್ತದೆ.