ಎಚ್‌ಐ ಪರೀಕ್ಷೆಯಲ್ಲಿ ಏನೂ ತೋರಿಸದ ಪ್ರತಿಕಾಯ: ಫ್ಲೂ ವೈರಸ್ಸಿನ ಮೇಲೆ ಅದರ ಜಾಗ ಹುಡುಕಿದ ನನ್ನ ಅನುಭವ

ಒಂದು ಪ್ರತಿಕಾಯ ಇನ್‌ಫ್ಲುಯೆಂಜಾ ವೈರಸ್ಸಿಗೆ ಅಂಟುತ್ತದೆ ಎಂದು ತೋರಿಸಲು ಒಂದು ಮಧ್ಯಾಹ್ನ ಸಾಕು. ಎಲ್ಲಿ ಅಂಟುತ್ತದೆ ಎಂದು ಧೈರ್ಯವಾಗಿ ಹೇಳಲು ನನ್ನ ಪಿಎಚ್‌.ಡಿ.ಯ ಹೆಚ್ಚಿನ ಭಾಗವೇ ಹೋಯಿತು. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಇದರ ಸುತ್ತಲೇ ಇರುತ್ತವೆ. ಅದಕ್ಕಾಗಿ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ನಾನು ಇದನ್ನು ಮಾಡಿದ ಬಗೆಯನ್ನು ಬರೆಯುತ್ತಿದ್ದೇನೆ.

ನಾವು ಬಳಸಿದ್ದು ಪಿಆರ್8 ತಳಿ. 1934ರಲ್ಲಿ ಪೋರ್ಟೊ ರಿಕೊದಲ್ಲಿ ರೋಗಿಯೊಬ್ಬರಿಂದ ಸಿಕ್ಕ ಎಚ್1ಎನ್1 ವೈರಸ್ ಇದು. ದಶಕಗಳ ಕಾಲ ಇಲಿಗಳಲ್ಲೂ ಮೊಟ್ಟೆಗಳಲ್ಲೂ ಬೆಳೆದು ಪ್ರಯೋಗಾಲಯಕ್ಕೆ ಪಳಗಿಹೋಗಿದೆ. ಇದರ ಮೈಮೇಲೆ ಎದ್ದು ನಿಂತ ಮುಖ್ಯ ಪ್ರೋಟೀನು ಹೀಮಾಗ್ಲುಟಿನಿನ್, ಚುಟುಕಾಗಿ ಎಚ್‌ಎ. ಎಚ್1, ಎಚ್2, ಎಚ್3 ಎಂಬವು ಇದರ ಬೇರೆ ಬೇರೆ ಬಗೆಗಳು. ಒಂದೇ ತರಹದ ಮೂರು ಸರಪಳಿಗಳು ಕೂಡಿ ಆದ, ಸುಮಾರು 13.5 ನ್ಯಾನೊಮೀಟರ್ ಎತ್ತರದ ಕಂಬ. ಮೇಲೆ ದುಂಡನೆಯ ತಲೆ, ಕೆಳಗೆ ಕಾಂಡ. ತಲೆಯ ತುದಿಯಲ್ಲಿರುವ ಸಣ್ಣ ತಗ್ಗು ನಮ್ಮ ಜೀವಕೋಶದ ಮೇಲಿನ ಸಿಯಾಲಿಕ್ ಆಮ್ಲವನ್ನು ಹಿಡಿಯುತ್ತದೆ. ವೈರಸ್ ಕೋಶದೊಳಗೆ ಹೋಗಿ ಸುತ್ತಲಿನ ಪಿಎಚ್ 5ರ ಹತ್ತಿರಕ್ಕೆ ಇಳಿದಾಗ ಕಾಂಡ ತನ್ನ ಆಕಾರವನ್ನೇ ಬದಲಿಸಿ, ಎರಡು ಪೊರೆಗಳನ್ನು ಬೆಸೆಯುತ್ತದೆ. ಹಿಡಿಯುವ ಕೆಲಸ ಒಂದು ಕಡೆ, ಬೆಸೆಯುವ ಕೆಲಸ ಇನ್ನೊಂದು ಕಡೆ. ಪ್ರತಿಕಾಯ ಕೂತ ಜಾಗವೇ ಯಾವ ಕೆಲಸ ನಿಲ್ಲಬೇಕು ಎಂಬುದನ್ನು ತೀರ್ಮಾನಿಸುತ್ತದೆ.

ಮೊನೊಕ್ಲೋನಲ್, ಅಂದರೆ ಒಂದೇ ಕೋಶದ ಸಂತತಿ (ಕ್ಲೋನ್) ಕೊಡುವ ಒಂದೇ ಬಗೆಯ ಪ್ರತಿಕಾಯ, ತಯಾರಿಸುವ ಭಾಗವನ್ನು ಬೇಗ ಹೇಳಿ ಮುಗಿಸುತ್ತೇನೆ. 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ತೋರಿಸಿಕೊಟ್ಟ ದಾರಿಯನ್ನೇ ನಾವೂ ಹಿಡಿದೆವು. ವೈರಸ್ ಚುಚ್ಚಿದ ಬಾಲ್ಬ್-ಸಿ ಇಲಿಯ ಗುಲ್ಮದಿಂದ ಕೋಶಗಳನ್ನು ತೆಗೆದು, ಎಸ್‌ಪಿ2 ಮೈಲೋಮಾ (ಕ್ಯಾನ್ಸರ್) ಕೋಶಗಳ ಜೊತೆ ಪಿಇಜಿ ಎಂಬ ರಾಸಾಯನಿಕ ಹಾಕಿ ಬೆಸೆದು, ಹ್ಯಾಟ್ ಮಾಧ್ಯಮದಲ್ಲಿ ಬೆಳೆಸುವುದು. ಬೆಸೆಯದ ಮೈಲೋಮಾ ಕೋಶ ಆ ಮಾಧ್ಯಮದಲ್ಲಿ ಸಾಯುತ್ತದೆ, ಗುಲ್ಮದ ಕೋಶ ತಾನಾಗಿಯೇ ಕೆಲವು ದಿನಗಳಲ್ಲಿ ಸಾಯುತ್ತದೆ, ಎರಡೂ ಸೇರಿದ್ದು, ಅಂದರೆ ಹೈಬ್ರಿಡೋಮಾ, ಮಾತ್ರ ಉಳಿಯುತ್ತದೆ. ಉಳಿದವನ್ನು ಪ್ಲೇಟಿನ ಒಂದು ವೆಲ್‌ಗೆ (ಗುಳಿಗೆ) ಒಂದೇ ಕೋಶ ಬೀಳುವಷ್ಟು ತೆಳುವಾಗಿಸಿ ಮತ್ತೆ ಬೆಳೆಸಬೇಕು. ಈ ಹಂತವನ್ನು ಎರಡನೇ ಸಲವೂ ಮಾಡಿಯೇ ಮುಂದೆ ಹೋಗಿ. ಎರಡು ಕ್ಲೋನ್ ಬೆರೆತಿದ್ದರೆ ಮುಂದಿನ ಯಾವ ಫಲಿತಾಂಶಕ್ಕೂ ಅರ್ಥವಿರುವುದಿಲ್ಲ.

ಮೊದಲ ಜರಡಿ ಎಲೈಸಾ, ಪ್ಲೇಟಿಗೆ ಅಂಟಿಸಿದ ವೈರಸ್ಸನ್ನು ಪ್ರತಿಕಾಯ ಹಿಡಿದರೆ ಬಣ್ಣ ಬರುವ ಪರೀಕ್ಷೆ. ಇಲ್ಲಿ ಒಂದು ಎಚ್ಚರಿಕೆ. ಪ್ರತಿಕಾಯ ಸಾಮಾನ್ಯವಾಗಿ ಗುರುತಿಸುವುದು ಅಮೈನೋ ಆಮ್ಲಗಳ ಸಾಲನ್ನಲ್ಲ, ಮಡಿಕೆಯಾಗಿ ನಿಂತ ಮೇಲ್ಮೈಯನ್ನು. ಸಾಲಿನಲ್ಲಿ ದೂರ ದೂರ ಇರುವ ತುಣುಕುಗಳು ಮಡಿಕೆಯಿಂದಾಗಿ ಪಕ್ಕಪಕ್ಕ ಬಂದು ಒಂದು ಎಪಿಟೋಪ್ (ಪ್ರತಿಕಾಯ ಹಿಡಿಯುವ ಜಾಗ) ಆಗುತ್ತವೆ. ಹದಿನೈದು ಇಪ್ಪತ್ತು ಅಮೈನೋ ಆಮ್ಲಗಳಾದರೂ ಪ್ರತಿಕಾಯದ ಅಡಿಗೆ ಬರುತ್ತವೆ. ಪ್ಲಾಸ್ಟಿಕ್ ಪ್ಲೇಟಿನ ಮೇಲೆ ವೈರಸ್ ಒಣಗಿಹೋದರೆ ಆ ಮಡಿಕೆ ಕೆಡಬಹುದು. ಹಾಗಾಗಿ ನಾವು ಪ್ಲೇಟನ್ನು ತೇವವಾಗಿಯೇ 4 ಡಿಗ್ರಿಯಲ್ಲಿ ರಾತ್ರಿಯಿಡೀ ಇಡುತ್ತಿದ್ದೆವು. ನಮ್ಮ ಒಳ್ಳೆಯ ಕ್ಲೋನ್‌ಗಳಲ್ಲಿ ಹೆಚ್ಚಿನವು ಕುದಿಸಿ ಮಡಿಕೆ ಬಿಚ್ಚಿದ ಎಚ್‌ಎಯನ್ನು ಬಳಸುವ ವೆಸ್ಟರ್ನ್ ಬ್ಲಾಟ್ ಪರೀಕ್ಷೆಯಲ್ಲಿ ಏನೂ ತೋರಿಸಲಿಲ್ಲ. ಅದನ್ನು ಕಂಡು ಕ್ಲೋನ್ ಬಿಟ್ಟುಬಿಡುವವರಿದ್ದಾರೆ. ನನ್ನ ಮಟ್ಟಿಗೆ ಅದು ಶುಭಸೂಚನೆ, ಪ್ರತಿಕಾಯ ಮಡಿಕೆಯನ್ನೇ ಗುರುತಿಸುತ್ತಿದೆ ಎಂದರ್ಥ.

ಎರಡನೆಯದು ಎಚ್‌ಐ (ಹೀಮಾಗ್ಲುಟಿನೇಶನ್ ಇನ್‌ಹಿಬಿಷನ್) ಪರೀಕ್ಷೆ, ವೈರಸ್ ರಕ್ತಕಣಗಳನ್ನು ಅಂಟಿಸುವುದನ್ನು ಪ್ರತಿಕಾಯ ತಡೆಯುತ್ತದೆಯೇ ಎಂದು ನೋಡುವುದು. ಫ್ಲೂ ವೈರಸ್ ಕೋಳಿಯ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ ಎಂದು ಜಾರ್ಜ್ ಹರ್ಸ್ಟ್ 1941ರಲ್ಲೇ ವರದಿ ಮಾಡಿದ್ದರು. ಇವತ್ತಿಗೂ ಇಷ್ಟು ಅಗ್ಗದ, ಇಷ್ಟು ನಂಬಿಕಸ್ತ ಪರೀಕ್ಷೆ ಇನ್ನೊಂದಿಲ್ಲ. ವಿ ಆಕಾರದ ತಳವಿರುವ ಪ್ಲೇಟಿನಲ್ಲಿ ಪ್ರತಿಕಾಯವನ್ನು ಅರ್ಧರ್ಧ ತೆಳುವಾಗಿಸುತ್ತ ಹೋಗಿ, ಪ್ರತಿ ವೆಲ್‌ಗೂ ನಾಲ್ಕು ಎಚ್‌ಎ ಯೂನಿಟ್ (ರಕ್ತಕಣ ಅಂಟಿಸುವ ಶಕ್ತಿಯ ಅಳತೆ) ವೈರಸ್ ಹಾಕಿ, ಸ್ವಲ್ಪ ಹೊತ್ತು ಬಿಟ್ಟು 0.5 ಶೇಕಡಾ ರಕ್ತಕಣ ಸೇರಿಸಬೇಕು. ಅರ್ಧ ಗಂಟೆಯ ಮೇಲೆ ಪ್ಲೇಟನ್ನು ಓರೆಯಾಗಿ ಎತ್ತಿ ಹಿಡಿಯಿರಿ. ಪ್ರತಿಕಾಯ ವೈರಸ್ಸನ್ನು ತಡೆದಿದ್ದರೆ ತಳದಲ್ಲಿ ಬಟನ್ ಆಗಿ ಕೂತ ಕಣಗಳು ಕಣ್ಣೀರಿನ ಹನಿಯಂತೆ ಕೆಳಕ್ಕೆ ಜಾರುತ್ತವೆ. ತಡೆಯದಿದ್ದರೆ ಕಣಗಳು ಬಲೆಯಾಗಿ ಹರಡಿಕೊಂಡು ಅಲ್ಲಾಡುವುದೇ ಇಲ್ಲ. ಓರೆ ಮಾಡದೆ ಮೇಲಿನಿಂದಷ್ಟೇ ನೋಡಿ ಬರೆದುಕೊಂಡ ಟೈಟರ್ ಅನ್ನು (ಎಷ್ಟು ತೆಳುವಾಗಿಸಿದರೂ ಪ್ರತಿಕಾಯ ತಡೆಯುತ್ತದೆ ಎಂಬ ಅಳತೆ) ನಾನು ನಂಬುವುದಿಲ್ಲ. ಹೈಬ್ರಿಡೋಮಾ ಮಾಧ್ಯಮದಲ್ಲಿ ಕರುವಿನ ಸೀರಮ್ ಇದ್ದು, ಅದೂ ವೈರಸ್ಸನ್ನು ತಡೆಯಬಹುದಾದ್ದರಿಂದ, ಬರೀ ಮಾಧ್ಯಮ ಹಾಕಿದ ಒಂದು ಸಾಲೂ ಅದೇ ಪ್ಲೇಟಿನಲ್ಲಿ ಇರಲೇಬೇಕು.

ಎಚ್‌ಐ ಪಾಸಿಟಿವ್ ಎಂದರೆ ಪ್ರತಿಕಾಯ ತಲೆಯ ಮೇಲೆ, ತಗ್ಗಿನ ಹತ್ತಿರ ಎಲ್ಲೋ ಕೂತಿದೆ ಎಂದು ಊಹಿಸಬಹುದು. ತಗ್ಗಿನೊಳಕ್ಕೇ ಇಳಿಯಬೇಕೆಂದಿಲ್ಲ, ಪ್ರತಿಕಾಯದ ಗಾತ್ರವೇ ದೊಡ್ಡದು, ಪಕ್ಕದಲ್ಲಿ ಕೂತರೂ ದಾರಿಗೆ ಅಡ್ಡವಾಗುತ್ತದೆ. ನಿಖರವಾದ ಜಾಗ ತಿಳಿಯಲು ವೈರಸ್ಸನ್ನೇ ಕೇಳಬೇಕು. ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ವಾಲ್ಟರ್ ಗೆರ್ಹಾರ್ಡ್ ಅವರ ತಂಡ ಇದೇ ಪಿಆರ್8 ಮೇಲೆ ಮಾಡಿದ ಕೆಲಸವನ್ನು ನಾನು ಮಾದರಿಯಾಗಿ ಇಟ್ಟುಕೊಂಡೆ. ಎಚ್1ರ ತಲೆಯ ಮೇಲಿನ ಜಾಗಗಳಿಗೆ ಎಸ್‌ಎ, ಎಸ್‌ಬಿ, ಸಿಎ, ಸಿಬಿ ಎಂಬ ಹೆಸರುಗಳು ಬಂದಿದ್ದು 1980ರ ದಶಕದ ಆರಂಭದ ಆ ಕೆಲಸದಿಂದಲೇ.

ವಿಧಾನ ಹೀಗಿದೆ. ಫ್ಲೂ ವೈರಸ್ಸಿನ ಆರ್‌ಎನ್‌ಎ ನಕಲು ಮಾಡುವ ಕಿಣ್ವ ತನ್ನ ತಪ್ಪು ತಿದ್ದುವುದಿಲ್ಲ. ಆದ್ದರಿಂದ ಒಂದು ಟ್ಯೂಬಿನ ವೈರಸ್‌ನಲ್ಲೇ ನಿಮ್ಮ ಪ್ರತಿಕಾಯಕ್ಕೆ ಸಿಗದ ರೂಪಾಂತರಿಗಳು, ಲಕ್ಷಕ್ಕೊಂದರ ಆಸುಪಾಸಿನಲ್ಲಿ, ಮೊದಲೇ ಇರುತ್ತವೆ. ವೈರಸ್ಸಿಗೆ ಪ್ರತಿಕಾಯವನ್ನು ಧಾರಾಳವಾಗಿ ಬೆರೆಸಿ, ಹತ್ತು ಹನ್ನೊಂದು ದಿನ ಕಾವು ಕೊಟ್ಟ ಕೋಳಿಮೊಟ್ಟೆಗೆ ಚುಚ್ಚಿದರೆ, ಬೆಳೆಯುವುದು ತಪ್ಪಿಸಿಕೊಂಡದ್ದು ಮಾತ್ರ. ಚುಚ್ಚುವ ಮೊದಲು ದೀಪಕ್ಕೆ ಹಿಡಿದು ಭ್ರೂಣ ಅಲುಗಾಡುವುದನ್ನೂ ರಕ್ತನಾಳಗಳನ್ನೂ ನೋಡಿ ಗುರುತು ಹಾಕಿಕೊಳ್ಳಬೇಕು. ಎರಡು ದಿನದ ನಂತರ ಮೊಟ್ಟೆಗಳನ್ನು ರಾತ್ರಿ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಒಡೆದರೆ ದ್ರವಕ್ಕೆ ರಕ್ತ ಸೇರುವುದಿಲ್ಲ. ಆಮೇಲೆ ಎಚ್‌ಎ ಜೀನ್ ಓದಿಸುವುದು.

ನನ್ನ ಒಂದು ಕ್ಲೋನ್‌ನಿಂದ ತಪ್ಪಿಸಿಕೊಂಡ ವೈರಸ್‌ಗಳಲ್ಲಿ 156ನೇ ಸ್ಥಾನದ ಗ್ಲುಟಮಿಕ್ ಆಮ್ಲ ಲೈಸಿನ್ ಆಗಿತ್ತು. ತಲೆಯ ತುದಿ, ತಗ್ಗಿನ ಅಂಚಿಗೆ ಹತ್ತಿರ. (ಈ ಸಂಖ್ಯೆ ಎಚ್3ರ ಎಣಿಕೆಯದು. ಕೆಲವು ಪ್ರಬಂಧಗಳು ಎಚ್1ರ ಸ್ವಂತ ಎಣಿಕೆ ಬಳಸುತ್ತವೆ. ಹೋಲಿಸುವ ಮುಂಚೆ ಅದನ್ನು ನೋಡಿಕೊಳ್ಳಿ.) ಇಪ್ಪತ್ತರಲ್ಲಿ ಒಂದು ಬದಲಾದರೆ ಹಿಡಿತ ಪೂರ್ತಿ ತಪ್ಪುವುದು ಹೇಗೆ? ಇಲ್ಲಿ ಋಣ ಆವೇಶದ ಜಾಗಕ್ಕೆ ಧನ ಆವೇಶದ ಉದ್ದನೆಯ ಬಾಲ ಬಂದಿದೆ. ಪ್ರತಿಕಾಯದ ಕುಣಿಕೆಗಳು ಅಷ್ಟು ಹತ್ತಿರ ಬರಲಾರವು. ಹಾಗಿದ್ದರೆ ಆ ಬದಲಾವಣೆ ಇಡೀ ತಲೆಯ ಆಕಾರವನ್ನೇ ಕೆಡಿಸಿರಬಹುದಲ್ಲ ಎಂಬ ಸಂಶಯ ನನಗೂ ಬಂತು. 1984ರಲ್ಲಿ ಕ್ನೋಸೊ, ಸ್ಕೆಹೆಲ್, ವೈಲಿ ಮತ್ತಿತರರು ಇಂಥದೇ ಒಂದು ಎಚ್3 ರೂಪಾಂತರಿಯ ಸ್ಫಟಿಕ ರಚನೆ ಬಿಡಿಸಿದ್ದರು. 146ನೇ ಗ್ಲೈಸಿನ್ ಆಸ್ಪಾರ್ಟಿಕ್ ಆಮ್ಲವಾಗಿತ್ತು, ಆಕಾರ ಬದಲಾಗಿದ್ದು ಅದರ ಸುತ್ತಮುತ್ತ ಮಾತ್ರ. ಆ ರಚನೆಯಿಂದಾಗಿ ಈ ವಿಧಾನದ ಮೇಲೆ ನನಗೆ ವಿಶ್ವಾಸ ಬಂತು.

ಆದರೂ ಒಂದು ಪರೀಕ್ಷೆ ಬಿಡುವಂತಿಲ್ಲ. ವೈರಸ್ ಪ್ರತಿಕಾಯದಿಂದ ತಪ್ಪಿಸಿಕೊಳ್ಳದೆಯೇ, ಜೀವಕೋಶವನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಗೆಲ್ಲಬಹುದು ಎಂದು 2009ರಲ್ಲಿ ಹೆನ್ಸ್‌ಲಿ ಮತ್ತು ಯೂಡೆಲ್ ತಂಡ ಪಿಆರ್8ರಲ್ಲೇ ತೋರಿಸಿತು. ಹಾಗಾಗಿ ರೂಪಾಂತರಿಯ ಎಚ್‌ಐ ಬಿದ್ದರೆ ಸಾಲದು. ಎಲೈಸಾದಲ್ಲೂ ಹಿಡಿತ ಹೋಗಿದೆಯೇ ನೋಡಬೇಕು. ನಮ್ಮದು ಎರಡರಲ್ಲೂ ಹೋಗಿತ್ತು.

ಇನ್ನು ನನ್ನನ್ನು ಹೆಚ್ಚು ಕಾಡಿದ ಕ್ಲೋನ್. ಎಲೈಸಾದಲ್ಲಿ ಜೋರಾಗಿ ಬಣ್ಣ ಬರುತ್ತಿತ್ತು, ಎಚ್‌ಐಯಲ್ಲಿ ಮಾತ್ರ ಎಷ್ಟು ಗಾಢವಾಗಿ ಹಾಕಿದರೂ ಒಂದು ವೆಲ್ ಕೂಡ ಜಾರಲಿಲ್ಲ. ಇದನ್ನು ಕೈಬಿಡೋಣವೆಂಬ ಮಾತು ಬಂದಾಗ ನಾನು ಒಪ್ಪದಿರಲು ಕಾರಣ ಸಿ179. ಜಪಾನಿನ ಒಕುನೊ ಮತ್ತು ಸಹೋದ್ಯೋಗಿಗಳು 1993ರಲ್ಲಿ ವರದಿ ಮಾಡಿದ ಇಲಿಯ ಪ್ರತಿಕಾಯ ಅದು. ಎಚ್‌ಐ ಇಲ್ಲವೇ ಇಲ್ಲ, ಆದರೆ ಎಚ್1, ಎಚ್2 ಎರಡನ್ನೂ ನಿಷ್ಕ್ರಿಯಗೊಳಿಸುತ್ತಿತ್ತು. ಅದು ಕೂತಿದ್ದು ಕಾಂಡದ ಮೇಲೆ. ನಮ್ಮ ಕ್ಲೋನಿನ ಪ್ರತಿಕಾಯವನ್ನು ವೈರಸ್ ಜೊತೆ ಎಂಡಿಸಿಕೆ ಕೋಶಗಳಿಗೆ (ನಾಯಿಯ ಮೂತ್ರಪಿಂಡದಿಂದ ಬಂದವು) ಹಾಕಿ ನೋಡಿದಾಗ ಕೋಶಗಳು ಉಳಿದವು, ಅಂದರೆ ವೈರಸ್ ನಿಷ್ಕ್ರಿಯವಾಗಿತ್ತು.

ಕಾಂಡವೆಂದು ಖಚಿತ ಮಾಡಿಕೊಂಡದ್ದು ಒಂದು ಜೆಲ್‌ನಿಂದ, ಪ್ರೋಟೀನುಗಳನ್ನು ಗಾತ್ರಕ್ಕೆ ತಕ್ಕಂತೆ ಪಟ್ಟಿಗಳಾಗಿ ಬೇರ್ಪಡಿಸುವ ಪರೀಕ್ಷೆಯಿಂದ. ಶುದ್ಧ ಎಚ್‌ಎಯನ್ನು ಟ್ರಿಪ್ಸಿನ್ ಎಂಬ, ಪ್ರೋಟೀನು ಕಡಿಯುವ ಕಿಣ್ವ ಸುಲಭಕ್ಕೆ ಕಡಿಯದು. ಪಿಎಚ್ 5ಕ್ಕೆ ಇಳಿಸಿ ಮತ್ತೆ ಮೇಲೆ ತಂದರೆ ಆಕಾರ ಬಿಚ್ಚಿಕೊಂಡು ಟ್ರಿಪ್ಸಿನ್ ಅದನ್ನು ತಿಂದುಹಾಕುತ್ತದೆ. ಆಮ್ಲ ಹಾಕುವ ಮೊದಲೇ ಪ್ರತಿಕಾಯ ಕಾಂಡವನ್ನು ಹಿಡಿದಿದ್ದರೆ ಆಕಾರ ಬಿಚ್ಚುವುದಿಲ್ಲ, ಎಚ್‌ಎ ಉಳಿಯುತ್ತದೆ. ನಮ್ಮ ಜೆಲ್‌ನಲ್ಲಿ ಪ್ರತಿಕಾಯವಿಲ್ಲದ ಲೇನ್ ಖಾಲಿ, ತಲೆಯ ಪ್ರತಿಕಾಯ ಹಾಕಿದ ಲೇನಿನಲ್ಲೂ ಪಟ್ಟಿ ಮಾಯ, ಈ ಕ್ಲೋನ್ ಹಾಕಿದ ಲೇನಿನಲ್ಲಿ ಮಾತ್ರ ಪಟ್ಟಿ ಗಟ್ಟಿಯಾಗಿ ನಿಂತಿತ್ತು. ಪ್ರತಿಕಾಯದ ಸರಪಳಿಗಳ ಪಟ್ಟಿಗಳೂ ಎಚ್‌ಎಯ ತುಂಡುಗಳ ಹತ್ತಿರವೇ ಬೀಳುವುದರಿಂದ, ಬರೀ ಪ್ರತಿಕಾಯದ ಲೇನ್ ಪಕ್ಕದಲ್ಲಿ ಓಡಿಸದೆ ಈ ಜೆಲ್ ಓದಬೇಡಿ.

ಎಚ್2ಕ್ಕೂ ಅದು ಅಂಟಿತು, ಎಚ್3ಕ್ಕೆ ಅಂಟಲಿಲ್ಲ. ಇದಕ್ಕೆ ಕಾರಣ ಸಿಆರ್6261 ಎಂಬ ಮಾನವ ಪ್ರತಿಕಾಯದ ರಚನೆ 2009ರಲ್ಲಿ ಹೊರಬಂದಾಗಿನಿಂದ ಸ್ಪಷ್ಟವಾಗಿದೆ. ಎಚ್‌ಎಯ ಪ್ರತಿ ಸರಪಳಿಯೂ ಎಚ್‌ಎ1, ಎಚ್‌ಎ2 ಎಂಬ ಎರಡು ತುಂಡುಗಳಾಗಿರುತ್ತದೆ; ಕಾಂಡದಲ್ಲಿ ಎಚ್‌ಎ2ರ 21ನೇ ಟ್ರಿಪ್ಟೊಫಾನ್ ಪಕ್ಕದಲ್ಲಿ ನೀರೊಲ್ಲದ ಒಂದು ತಗ್ಗಿದೆ. ಈ ಬಗೆಯ ಪ್ರತಿಕಾಯಗಳು ತಮ್ಮ ಕುಣಿಕೆಗಳನ್ನು ಅಲ್ಲಿ ಊರುತ್ತವೆ. ಎಚ್3, ಎಚ್7 ಗುಂಪಿನಲ್ಲಿ ಎಚ್‌ಎ1ರ 38ನೇ ಆಸ್ಪರಜಿನ್ ಮೇಲೆ ಸಕ್ಕರೆಯ ಸರಪಳಿಯೊಂದು ಅಡ್ಡ ನಿಂತಿರುತ್ತದೆ. ಎಚ್1ರಲ್ಲಿ ಕಾಂಡದ ಪ್ರತಿಕಾಯದಿಂದ ವೈರಸ್ ತಪ್ಪಿಸಿಕೊಳ್ಳುವುದೂ ಸುಲಭವಲ್ಲ. ಅಲ್ಲಿ ಬದಲಾವಣೆ ಮಾಡಿಕೊಂಡರೆ ಬೆಸೆಯುವ ಯಂತ್ರವೇ ಕುಂಟುತ್ತದೆ. ಮೊಟ್ಟೆಯ ವಿಧಾನ ಈ ಕ್ಲೋನಿಗೆ ನನ್ನ ಕೈಯಲ್ಲಿ ಫಲ ಕೊಡಲಿಲ್ಲ. ಕಾಂಡದ ಒಂದೊಂದೇ ಅಮೈನೋ ಆಮ್ಲವನ್ನು ಬದಲಿಸಿ ತಯಾರಿಸಿದ ಎಚ್‌ಎಗಳನ್ನು ಕೋಶಗಳ ಮೇಲೆ ತೋರಿಸಿ, ಹಿಡಿತ ಎಲ್ಲಿ ಬೀಳುತ್ತದೆಂದು ಅಳೆಯಬೇಕಾಯಿತು.

ಎಲ್ಲ ಪ್ರತಿಕಾಯವೂ ವೈರಸ್ಸನ್ನು ತಡೆಯಲೆಂದೇ ಬೇಕಾಗುವುದಿಲ್ಲ. ಕ್ಲಿನಿಕ್ಕಿನ ರ‍್ಯಾಪಿಡ್ ಫ್ಲೂ ಟೆಸ್ಟ್ ಪಟ್ಟಿಗಳಲ್ಲಿ ಹೆಚ್ಚಾಗಿ ಇರುವುದು ವೈರಸ್ಸಿನ ಒಳಗಿನ ನ್ಯೂಕ್ಲಿಯೊಪ್ರೋಟೀನನ್ನು ಗುರುತಿಸುವ ಮೊನೊಕ್ಲೋನಲ್‌ಗಳು. ಆ ಪ್ರೋಟೀನು ತಳಿಯಿಂದ ತಳಿಗೆ ಹೆಚ್ಚು ಬದಲಾಗದು. ಅದಕ್ಕೇ ಆ ಪಟ್ಟಿ ಎ ಅಥವಾ ಬಿ ಎಂದು ಹೇಳುತ್ತದೆ, ಎಚ್1 ಅಥವಾ ಎಚ್3 ಎಂದು ಹೇಳುವುದಿಲ್ಲ.

ನಮ್ಮ ಕಾಂಡದ ಕ್ಲೋನಿನಲ್ಲಿ ಕೊನೆಗೆ ನೋಡಿದ್ದು ಐಸೋಟೈಪ್, ಅಂದರೆ ಪ್ರತಿಕಾಯದ ಬಾಲ ಯಾವ ಬಗೆಯದು ಎಂಬುದು. ಇಂಥ ಪ್ರತಿಕಾಯಗಳು ಇಲಿಯನ್ನು ಚೆನ್ನಾಗಿ ಕಾಪಾಡಬೇಕಾದರೆ ಹಿಡಿದರಷ್ಟೇ ಸಾಲದು, ಬಾಲದ ಎಫ್‌ಸಿ ಭಾಗ ರೋಗನಿರೋಧಕ ಕೋಶಗಳನ್ನು ಕರೆಯಬೇಕು ಎಂದು 2014ರಲ್ಲಿ ರಾಕ್‌ಫೆಲರ್ ವಿಶ್ವವಿದ್ಯಾಲಯದ ತಂಡ ತೋರಿಸಿತ್ತು. ಇಲಿಯ ಐಜಿಜಿ2ಎ ಆ ಕೆಲಸಕ್ಕೆ ಗಟ್ಟಿ, ಐಜಿಜಿ1 ದುರ್ಬಲ. ಆದ್ದರಿಂದ ಈಗ ನಾನು ಹೊಸ ಕ್ಲೋನ್‌ಗಳಿಗೆ ಎಚ್‌ಐ ಹಾಕುವ ವಾರದಲ್ಲೇ ನ್ಯೂಟ್ರಲೈಸೇಶನ್ (ಕೋಶಗಳಲ್ಲಿ ವೈರಸ್ ನಿಷ್ಕ್ರಿಯವಾಗುತ್ತದೆಯೇ ಎಂಬ ಪರೀಕ್ಷೆ) ಮತ್ತು ಐಸೋಟೈಪ್ ಎರಡನ್ನೂ ಮಾಡಿಸುತ್ತೇನೆ. ಎಲೈಸಾದಲ್ಲಿ ಅಂಟಿದ ಯಾವ ಕ್ಲೋನೇ ಆಗಲಿ, ಈ ಮೂರೂ ಫಲಿತಾಂಶ ಕೈಗೆ ಬರುವ ತನಕ ಅದರ ಎರಡು ವಯಲ್ ದ್ರವ ಸಾರಜನಕದಲ್ಲಿ ಇರಬೇಕು.