ಆ ಲಕೋಟೆಯನ್ನು ಒಡೆಯದೆ ಎಸೆಯಬೇಡಿ: ಇಂಗ್ಲೆಂಡಿನಲ್ಲಿ ಸಕ್ಕರೆ ಕಾಯಿಲೆಯವರ ಕಣ್ಣು

ಶಿರಸಿಯಿಂದ ಈಚೆಗೆ ಬಂದ ಹುಡುಗನೊಬ್ಬ ಹೇಳಿದ: ‘ಅಣ್ಣ, ಕನ್ನಡಕದ ಅಂಗಡಿಯಲ್ಲಿ ಕಣ್ಣು ತೋರಿಸಿ ಆಯಿತು. ರೆಟಿನಾದ (ಕಣ್ಣಿನ ಹಿಂಬದಿಯ ಅಕ್ಷಿಪಟಲದ) ಫೋಟೋ ಕೂಡ ತೆಗೆದರು.’ ಎಂಟು ವರ್ಷಗಳ ಹಿಂದೆ ನಾನು ಹೇಳಿದ್ದೂ ಇದೇ ಮಾತು. ಆ ಮಾತಿಗೆ ನಾನು ಎರಡು ವರ್ಷ ತೆತ್ತಿದ್ದೇನೆ.

ಜಿಪಿ ಎಂಬ ಕುಟುಂಬ ವೈದ್ಯರ ಬಳಿ ಹೆಸರು ನೋಂದಾಯಿಸುವುದು ಎಲ್ಲರಿಗೂ ಗೊತ್ತು. ಆದರೆ ಕುಮಟಾದ ಡಾಕ್ಟರು ಕೊಟ್ಟ ಫೈಲು ನಿಮ್ಮ ಸೂಟ್‌ಕೇಸಿನಲ್ಲಿದ್ದರೆ ಜಿಪಿಗೆ ಹೇಗೆ ತಿಳಿಯಬೇಕು? ಸಕ್ಕರೆ ಕಾಯಿಲೆ ಇದೆಯೆಂದು ಅವರ ದಾಖಲೆಯಲ್ಲಿ ಬರೆಸಿ. ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) ಅಂಕಿ ಇಲ್ಲಿ 48 ಎಂದು ಬಂದರೆ ಗಾಬರಿ ಬೇಡ, ಅದು ನಮ್ಮ ಊರಿನ 6.5 ಪ್ರತಿಶತ. ದಾಖಲೆಯಾದ ಮೇಲೆ, 12 ವರ್ಷ ದಾಟಿದ ಪ್ರತಿಯೊಬ್ಬರಿಗೂ ಎನ್‌ಎಚ್‌ಎಸ್ ಎಂಬ ಸರಕಾರಿ ಆರೋಗ್ಯ ಸೇವೆಯಿಂದ, ಸಕ್ಕರೆಯಿಂದ ಅಕ್ಷಿಪಟಲಕ್ಕಾದ ಹಾನಿ ಹುಡುಕುವ ಉಚಿತ ಕಣ್ಣಿನ ತಪಾಸಣೆಗೆ ಕರೆ ಬರುತ್ತದೆ, ಅಂಚೆಯಲ್ಲಿ. ಮನೆ ಬದಲಿಸಿ ಜಿಪಿಗೆ ತಿಳಿಸದಿದ್ದರೆ ಆ ಪತ್ರ ಹಳೆಯ ಬಾಗಿಲಿಗೇ ಹೋಗುತ್ತದೆ.

ನಾನು ಜಾರಿದ್ದು ಇಲ್ಲಿಯೇ. ಕನ್ನಡಕದ ಅಂಗಡಿಯಲ್ಲಿ ಸಕ್ಕರೆ ಕಾಯಿಲೆಯವರಿಗೆ ದೃಷ್ಟಿ ಪರೀಕ್ಷೆ ಉಚಿತ. ಅಕ್ಷಿಪಟಲದ ಪದರಗಳನ್ನು ತೋರಿಸುವ ಒಸಿಟಿ ಸ್ಕ್ಯಾನಿಗೆ ಪ್ರತ್ಯೇಕ ಹಣ. ನಾನು ಅದನ್ನೂ ಕೊಟ್ಟು, ‘ಎಲ್ಲ ಸರಿ ಇದೆ’ ಎಂದು ಕೇಳಿಸಿಕೊಂಡು ಬಂದೆ. ಆಮೇಲೆ ಬಂದ ಎರಡು ಪತ್ರಗಳನ್ನು ಅದೇ ಕೆಲಸಕ್ಕೆ ಮತ್ತೊಮ್ಮೆ ಕರೆಯುತ್ತಿದ್ದಾರೆಂದು ಬುಟ್ಟಿಗೆ ಎಸೆದೆ. ಅಂಗಡಿಯ ಪರೀಕ್ಷೆ ಈ ತಪಾಸಣೆಗೆ ಬದಲಿಯಲ್ಲ. ಅಲ್ಲಿ ತೆಗೆದ ಚಿತ್ರ ತಪಾಸಣೆಯವರ ಕೈ ಸೇರುವುದೂ ಇಲ್ಲ. ಮುಂದಿನ ವರ್ಷ ಮತ್ತೆ ಹಣ ಕೊಟ್ಟು ಸ್ಕ್ಯಾನ್ ಮಾಡಿಸಿಕೊಂಡೆ, ಜಾಣನಂತೆ! ಕೊನೆಗೆ ಜಿಪಿಯ ನರ್ಸಮ್ಮ ಗದರಿಸಿದ ಮೇಲೆ ಹೋದೆ. ಫಲಿತಾಂಶದ ಪತ್ರದಲ್ಲಿ ಬಲಗಣ್ಣಿಗೆ ಆರ್1 ಎಂ1 ಎಂದಿತ್ತು. ಆಗಲೂ ನಾನು ಬೋರ್ಡಿನ ಕೊನೆಯ ಸಾಲನ್ನು ತಡವರಿಸದೆ ಓದುತ್ತಿದ್ದೆ.

ಆರ್0 ಎಂದರೆ ಏನೂ ಇಲ್ಲ. ಆರ್1ರಲ್ಲಿ ಕಿರುನಾಳಗಳು ಅಲ್ಲಲ್ಲಿ ಗುಳ್ಳೆಯಂತೆ ಉಬ್ಬಿರುತ್ತವೆ. ಆರ್3 ಎಂದರೆ ಹೊಸ, ದುರ್ಬಲ ನಾಳಗಳು ಹುಟ್ಟಿವೆ, ಒಡೆದು ರಕ್ತ ಸುರಿಸಬಲ್ಲವು. ಎಂ1 ಬಂದರೆ ತೊಂದರೆ ದೃಷ್ಟಿಯ ನಡುಬಿಂದುವಿನ ಹತ್ತಿರ ಇದೆ, ಅಲ್ಲಿ ಸೋರಿದ ಕೊಬ್ಬಿನಂಶ ಹಳದಿ ಚುಕ್ಕೆಯಾಗಿ ಕಾಣುತ್ತದೆ. ದೇಹವನ್ನು ಕೊಯ್ಯದೆ ರಕ್ತನಾಳಗಳನ್ನು ನೇರವಾಗಿ ನೋಡಬಹುದಾದ ಜಾಗ ಅಕ್ಷಿಪಟಲ. ಬಹುಕಾಲದಿಂದ ರಕ್ತದೊತ್ತಡ ಹೆಚ್ಚಿದ್ದರೆ ಧಮನಿ ದಾಟುವಲ್ಲಿ ಅಭಿಧಮನಿ ಚಿವುಟಿದಂತಿರುತ್ತದೆ. ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ವಿಪರೀತ ಏರಿದಾಗ ನಾಳಗಳು ಹಾಲಿನ ಬಣ್ಣಕ್ಕೆ ತಿರುಗುವುದೂ ಉಂಟು.

ಯಾವ ವ್ಯವಸ್ಥೆ ಮೇಲು? ನಮ್ಮೂರಿನಲ್ಲಿ ಡಾಕ್ಟರು ತಾವೇ ಕಣ್ಣಿನೊಳಗೆ ಇಣುಕಿ, ಕುಚ್ಚಲಕ್ಕಿ ಅನ್ನದ ಪ್ರಮಾಣದ ಬಗ್ಗೆ ಅಲ್ಲಿಯೇ ಬೈದು ಕಳಿಸುತ್ತಾರೆ. ಇಲ್ಲಿ ಒಬ್ಬರು ಚಿತ್ರ ತೆಗೆಯುತ್ತಾರೆ, ಇನ್ನೆಲ್ಲೋ ಕುಳಿತ ಇನ್ನೊಬ್ಬರು ನೋಡುತ್ತಾರೆ, ಆರು ವಾರದೊಳಗೆ ಪತ್ರ ಬರುತ್ತದೆ. ಮನುಷ್ಯರ ಮಾತೇ ಇಲ್ಲ. ಆದರೂ ನನ್ನ ಮತ ಇಲ್ಲಿಗೇ. ಅಂಕೋಲೆಯ ನನ್ನ ಮಾವ ಕಣ್ಣು ಮಂಜಾದಾಗ ಪೊರೆ ಬಂದಿದೆಯೆಂದು ಉಚಿತ ಶಿಬಿರಕ್ಕಾಗಿ ಕಾದರು. ಶಿಬಿರದಲ್ಲಿ ‘ಇದು ಪೊರೆಯಲ್ಲ, ಮಣಿಪಾಲಕ್ಕೆ ಹೋಗಿ’ ಎಂದರು. ಅಷ್ಟರಲ್ಲಿ ಒಂದು ಕಣ್ಣು ಹೋಗಿತ್ತು. ಅವರನ್ನು ಹುಡುಕಿಕೊಂಡು ಯಾರೂ ಪತ್ರ ಬರೆದಿರಲಿಲ್ಲ.

ಸತತ ಎರಡು ತಪಾಸಣೆಗಳಲ್ಲಿ ಯಾವ ತೊಂದರೆಯೂ ಪತ್ತೆಯಾಗದವರನ್ನು 2023ರ ಅಕ್ಟೋಬರಿನಿಂದ ಎರಡು ವರ್ಷಕ್ಕೊಮ್ಮೆ ಕರೆಯತೊಡಗಿದ್ದಾರೆ. ನಡುವೆ ಕಣ್ಣೆದುರು ಕಪ್ಪು ಚುಕ್ಕೆಗಳು ಒಮ್ಮೆಗೇ ತೇಲಿದರೆ ಅಥವಾ ಪರದೆ ಇಳಿದಂತಾದರೆ ಪತ್ರಕ್ಕೆ ಕಾಯಬೇಡಿ, ಅಂದೇ ತೋರಿಸಿ.

ತಪಾಸಣೆಗೆ ಕಾರು ಓಡಿಸಿಕೊಂಡು ಹೋಗಲೇಬೇಡಿ. ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಕೆಲವು ಗಂಟೆ ವಾಹನ ನಡೆಸುವಂತಿಲ್ಲ. ಎರಡು ಗಂಟೆಯ ಪಾರ್ಕಿಂಗ್ ಚೀಟಿ ಪಡೆದಿದ್ದ ನಾನು ದಂಡ ಕಟ್ಟಿದೆ. ಇಲ್ಲಿನ ಮೋಡದ ಬೆಳಕೂ ಅಂದು ಕಾರವಾರದ ಕಡಲತೀರದ ನಡುಮಧ್ಯಾಹ್ನದಂತೆ ಕಣ್ಣು ಕುಕ್ಕುತ್ತಿತ್ತು. ತಂಪು ಕನ್ನಡಕ ಜೇಬಿನಲ್ಲಿರಲಿ.

ಆರು ತಿಂಗಳ ವೀಸಾದಲ್ಲಿ ಬರುವ ಅಪ್ಪ ಅಮ್ಮನಿಗೆ ಆಸ್ಪತ್ರೆಯ ಕಣ್ಣಿನ ಚಿಕಿತ್ಸೆ ಉಚಿತವಲ್ಲ, ಬಿಲ್ಲು ನಿಮ್ಮ ಕೈಗೇ ಬರುತ್ತದೆ. ವಿಮಾನ ಹತ್ತುವ ಮೊದಲು ಊರಿನಲ್ಲಿಯೇ ಹನಿ ಹಾಕಿಸಿ, ಅಕ್ಷಿಪಟಲವನ್ನು ನೋಡಿಸಿ, ಬರೆದುಕೊಟ್ಟ ಚೀಟಿಯನ್ನು ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಇಟ್ಟುಕೊಂಡು ಬರಲು ಹೇಳಿ.