ಕಾಫಿ ಮಾರುವ ಮುಂಚೆ ಲಂಡನ್ ಕಡೆ ಒಮ್ಮೆ ನೋಡಿ

ಮೂಡಿಗೆರೆ ಹತ್ತಿರ ನನಗೆ ನಾಲ್ಕು ಎಕರೆ ರೊಬಸ್ಟಾ ತೋಟ ಇದೆ. ವ್ಯಾಪಾರಿ ಹೇಳಿದ ರೇಟಿಗೆ ಸುಮ್ನೆ ತಲೆಯಾಡಿಸಿ ಒಂದು ವರ್ಷ ಚೆನ್ನಾಗಿ ಕೈಸುಟ್ಟುಕೊಂಡೆ. ಈಗ ಮೊದಲು ಮೊಬೈಲಿನಲ್ಲಿ ಲೆಕ್ಕ ಹಾಕುತ್ತೇನೆ.

ರೊಬಸ್ಟಾ ಕಾಫಿಗೆ ಲಂಡನ್ ಮಾರುಕಟ್ಟೆ ನೋಡಿ, ಇನ್ನೊಂದು ಜಾತಿಯಾದ ಅರೇಬಿಕಾಗೆ ನ್ಯೂಯಾರ್ಕ್. ಲಂಡನ್ ರೇಟು ಟನ್ನಿಗೆ ಇಷ್ಟು ಡಾಲರ್ ಅಂತ ಇರುತ್ತದೆ. 4000 ಡಾಲರ್ ಇದೆ, ಡಾಲರಿಗೆ 85 ರೂಪಾಯಿ ಅಂದುಕೊಳ್ಳಿ. ಗುಣಿಸಿ, 1000ದಿಂದ ಭಾಗಿಸಿ: ಕಿಲೋಗೆ 340 ರೂಪಾಯಿ. ಇಲ್ಲೇ ಹಿಗ್ಗಬೇಡಿ! ಅದು ಸಿಪ್ಪೆ ತೆಗೆದ ಬೀಜದ ರೇಟು. ನಿಮ್ಮ 50 ಕಿಲೋ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಚೀಲದಲ್ಲಿ 26 ಕಿಲೋ ಬೀಜ ಬಂದರೆ 8840 ರೂಪಾಯಿ. ಅದರಲ್ಲೂ ಸಾಗಣೆ, ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹಸನು ಮಾಡುವ) ಖರ್ಚು, ವ್ಯಾಪಾರಿಯ ಲಾಭ ಕಳೆಯಬೇಕು. ಔಟ್‌ಟರ್ನ್ ಅಂದರೆ ಚೀಲಕ್ಕೆ ಎಷ್ಟು ಕಿಲೋ ಬೀಜ ಬರುತ್ತದೆ ಅನ್ನುವ ಲೆಕ್ಕ ಮಾತ್ರ ನಿಮ್ಮೆದುರೇ ತೆಗೆಸಿ. ನಾನು ಮೋಸಹೋಗಿದ್ದು ಅಲ್ಲೇ.

ಬ್ರೆಜಿಲ್, ವಿಯೆಟ್ನಾಂ ಹವಾಮಾನದ ಸುದ್ದಿಯನ್ನೂ ಓದಿ. 2021ರ ಜುಲೈನಲ್ಲಿ ಬ್ರೆಜಿಲಿನಲ್ಲಿ ಹಿಮ ಕೊರೆದು ಗಿಡ ಕರಕಲಾದಾಗ ಅರೇಬಿಕಾ ರೇಟು ಜಿಗಿದಿತ್ತು.

ಇನ್ನೊಂದು, ಪಹಣಿ ಮತ್ತು ತೋಟದ ಜಿಪಿಎಸ್ ಗುರುತು ಜೋಪಾನ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಬೇಡ ಅಂತ ಯುರೋಪಿನವರು 2023ರಲ್ಲಿ ಕಾನೂನು ಮಾಡಿದ್ದಾರೆ. ಅಲ್ಲಿ ಓಟು ಹಾಕಿದವರು ನಾವಲ್ಲ, ಆದರೂ ದಾಖಲೆ ನಮ್ಮದೇ ಬೇಕಂತೆ! ಜಾರಿ ಮುಂದಕ್ಕೆ ಹೋಗಿದೆ, ನಿಜ. ಕಾಗದವನ್ನು ಈಗಲೇ ಸರಿಮಾಡಿಕೊಳ್ಳಿ, ಕೊಯ್ಲಿನ ಹೊತ್ತಿಗೆ ಪುರುಸೊತ್ತು ಸಿಗುವುದಿಲ್ಲ.